ಮಂಜು ಕಟ್ಟುವ ಜೆನೋನ್, ಉಸಿರು ಕಟ್ಟುವ ಕಾರು

ಕಲಿನಾದಲ್ಲಿ ಯಾರೂ ಜೆನೋನ್ ಕುಲಿಕನನ್ನು ಕಂಡಾಗ ಅವನ ಆರೋಗ್ಯ ವಿಚಾರಿಸುತ್ತಿರಲಿಲ್ಲ. ಐಸು ಹೇಗಿದೆ ಎಂದು ಕೇಳುತ್ತಿದ್ದರು. ಅವನು ತಕ್ಷಣ ಉತ್ತರ ಕೊಡುವವನಲ್ಲ. ಟೋಪಿಯನ್ನು ಹಿಂದಕ್ಕೆ ಸರಿಸಿ, ಹಣೆ ತುರಿಸಿಕೊಂಡು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರ ಸುದ್ದಿ ಹೇಳುವವನಂತೆ, ಒಂದನೆಯ ಪಟ್ಟಿ ಗಟ್ಟಿಯಾಗಿದೆ, ಎರಡನೆಯದು ಪರವಾಗಿಲ್ಲ, ಮೂರನೆಯದು ಮಾತ್ರ ನಿನ್ನೆಯಿಂದ ಯಾಕೋ ಸಪ್ಪಗಿದೆ ಎನ್ನುತ್ತಿದ್ದ.

ಅವನಿಗೆ ಅರವತ್ತನಾಲ್ಕು ವರ್ಷ. ಮೂವತ್ತೊಂದು ಚಳಿಗಾಲ ಊರಿನ ಕರ್ಲಿಂಗ್ ರಿಂಕಿನ ಮೂರು ಉದ್ದ ಪಟ್ಟಿಗಳಿಗೆ ಮಂಜುಗಡ್ಡೆಯ ನೆಲ ಕಟ್ಟಿದವನು ಅವನೇ. ಇಪ್ಪತ್ತು ಕಿಲೋ ತೂಗುವ, ಮೇಲೆ ಹಿಡಿಯಿರುವ ಗುಂಡು ಕಲ್ಲನ್ನು ಒಬ್ಬರು ಜಾರಿಸಿ ಬಿಡುವುದು, ಇಬ್ಬರು ಅದರ ಮುಂದೆ ಓಡುತ್ತಾ ಪೊರಕೆಯಿಂದ ಹಾದಿ ಉಜ್ಜುವುದು, ನಾಲ್ಕನೆಯವರು ಆ ತುದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುವುದು, ಆಟ ಇಷ್ಟೇ. ಆದರೆ ಸಸ್ಕಾಚೆವನ್ನಿನ ಬಯಲಿನಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಚರ್ಚು ಬಿಟ್ಟರೆ ಜನ ಸೇರುವುದು ಅಲ್ಲೇ. ಚರ್ಚಿಗೆ ಬಾರದವರೂ ಅಲ್ಲಿಗೆ ಬರುತ್ತಿದ್ದರು.

ಕಣ್ಣಿಗೆ ಕನ್ನಡಿಯಂತೆ ಕಾಣುವ ಆ ನೆಲ ನಿಜವಾಗಿ ಕನ್ನಡಿಯಲ್ಲ. ಬೆನ್ನಿಗೆ ತಾಮ್ರದ ತೊಟ್ಟಿ ಕಟ್ಟಿಕೊಂಡು, ಹಿಂದು ಹಿಂದಕ್ಕೆ ನಡೆಯುತ್ತಾ, ಜೆನೋನ್ ಅದರ ಮೇಲೆ ಬಿಸಿನೀರಿನ ಹನಿ ಚಿಮುಕಿಸುತ್ತಿದ್ದ. ಹನಿಗಳು ಬಿದ್ದಲ್ಲೇ ಸಾಸಿವೆಕಾಳಿನಂತೆ ಹೆಪ್ಪುಗಟ್ಟುತ್ತಿದ್ದವು. ಕಲ್ಲು ಜಾರುವುದು ಆ ಕಾಳುಗಳ ಮೇಲೆ. ಅವನ್ನು ಕಾಯುವುದೇ ಅವನ ಬದುಕಾಗಿತ್ತು. ಕಾಫಿ ಲೋಟ ಹಿಡಿದು ಒಳಗೆ ಬಂದವರನ್ನು ಹೊರಗೆ ಕಳಿಸುತ್ತಿದ್ದ. ಬೂಟಿನ ತಳದಲ್ಲಿ ರಸ್ತೆಯ ಉಪ್ಪಿದೆ ಎಂದು ಒಮ್ಮೆ ಪಾದ್ರಿಗಳನ್ನು ಕಾಲುಚೀಲದಲ್ಲೇ ನಿಲ್ಲಿಸಿದ್ದ. ಜನ ಹೆಚ್ಚಾದ ದಿನ ಅವರ ಉಸಿರು ಮೇಲೇರಿ ತಗಡಿನ ಸೂರಿಗೆ ಹಿಮವಾಗಿ ಅಂಟಿ, ಮಧ್ಯಾಹ್ನದ ಬಿಸಿಲಿಗೆ ಕರಗಿ ಕೆಳಗೆ ತೊಟ್ಟಿಕ್ಕುತ್ತಿತ್ತು. ಜನ ಉಸಿರಾಡದೆ ಆಟ ನೋಡಿ ಹೋಗಿದ್ದರೆ ಅವನಿಗೆ ಅದಕ್ಕಿಂತ ಸಂತೋಷದ ಸಂಗತಿ ಇರಲಿಲ್ಲ.

ಐಸಿನ ಬಗ್ಗೆ ಇಷ್ಟೆಲ್ಲ ಬಲ್ಲವನಿಗೆ ಕಾರಿನ ಬಗ್ಗೆ ತಿಳಿದದ್ದು ಕಡಿಮೆ. ಎರಡು ವರ್ಷದ ಹಿಂದೆ, ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದ ಆಗ್ನೆಸ್ ಪ್ರಿಸ್ಟುಪಾ ಟೀಚರ್ ಎಂಬತ್ತು ತುಂಬಿತೆಂದು ಕಾರು ಓಡಿಸುವುದನ್ನು ನಿಲ್ಲಿಸಿದಾಗ, ಅವರ ಹಳೆಯ ಡೀಸೆಲ್ ಕಾರನ್ನು ಇವನು ಕೊಂಡುಕೊಂಡಿದ್ದ. ಸಣ್ಣ ಕಾರು. ಟರ್ಬೊ ಇರುವುದರಿಂದ ಸಣ್ಣದಾದರೂ ಎಳೆಯುವ ಶಕ್ತಿ ಚೆನ್ನಾಗಿತ್ತು. ಒಮ್ಮೆ ಟ್ಯಾಂಕು ತುಂಬಿಸಿದರೆ ಸಾವಿರ ಕಿಲೋಮೀಟರು ಓಡುತ್ತಿತ್ತು. ಜೆನೋನನಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಪ್ರೀತಿಯೆಂದರೆ, ಅದಕ್ಕೆ ಆಯಾಸವಾಗಬಾರದೆಂದು ಬೇಗ ಬೇಗ ಐದನೆಯ ಗೇರಿಗೆ ಹಾಕಿ, ಮಗುವನ್ನು ತೂಗುವ ಹಾಗೆ ಮೆಲ್ಲಗೆ ಓಡಿಸುತ್ತಿದ್ದ. ಪಕ್ಕದಲ್ಲಿ ಕೂತ ಹೆಂಡತಿ ಸ್ಟೆಫಾ, ನೀನು ಎಂಜಿನ್ನಿಗೆ ನಿದ್ದೆ ಬರಿಸ್ತಿದ್ದೀಯ ಎನ್ನುತ್ತಿದ್ದಳು. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ.

ಸ್ಟೆಫಾಳ ತಮ್ಮ ವಸಿಲ್‌ಗೆ ಮೊದಲ ದಿನದಿಂದಲೂ ಆ ಕಾರನ್ನು ಕಂಡರಾಗದು. ಅವನದು ಮನೆಯೆತ್ತರದ ಪಿಕಪ್ ಟ್ರಕ್ಕು. ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿ ನೋಡಿ, "ಭಾವ, ಇದನ್ನ ಓಡಿಸ್ತೀಯೋ ಕಾಲಿಗೆ ಹಾಕ್ಕೋತೀಯೋ?" ಎಂದಿದ್ದ.

ಆ ವರ್ಷ ಜನವರಿಯಲ್ಲಿ, ಏಳನೆಯ ತಾರೀಖಿಗೆ ಬರುವ ನಮ್ಮ ಉಕ್ರೇನಿಯನ್ನರ ಕ್ರಿಸ್‌ಮಸ್ ಮುಗಿದ ಮೂರನೆಯ ದಿನ, ಐವತ್ತೈದು ಕಿಲೋಮೀಟರು ಆಚೆಯ ಎಲ್ಮ್‌ವಿಕ್‌ನಿಂದ ಫೋನು ಬಂತು. ಎಲ್ಮ್‌ವಿಕ್ ದೊಡ್ಡ ಊರು. ಅಲ್ಲಿನ ರಿಂಕಿನಲ್ಲಿ ಎಂಟು ಪಟ್ಟಿ. ಜಿಲ್ಲೆಯ ಮಹಿಳಾ ಪಂದ್ಯಾವಳಿ ಅಲ್ಲಿ ನಡೆಯುವುದಿತ್ತು. ಅಲ್ಲಿ ಐಸು ಕಟ್ಟುವವನು ತನ್ನ ಮನೆಯ ಮೆಟ್ಟಿಲ ಮೇಲೆ ಐಸಿಗೆ ಜಾರಿ ಸೊಂಟ ಮುರಿದುಕೊಂಡಿದ್ದ. ಎರಡು ವಾರ ಜೆನೋನ್ ಬಂದು ನೆಲ ಸಿದ್ಧ ಮಾಡಿಕೊಡಬಹುದೇ ಎಂದು ಸಮಿತಿಯವರು ಕೇಳಿದರು. ಅವನು ಯೋಚಿಸಿ ಹೇಳುತ್ತೇನೆಂದು ಫೋನಿಟ್ಟು, ಮೂರು ನಿಮಿಷ ಯೋಚಿಸಿ, ಆಗಲಿ ಎಂದ. ಯಾರಿಗೂ ಹೇಳಬೇಡವೆಂದು ಸ್ಟೆಫಾಳಿಗೆ ಹೇಳಿದ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮರುದಿನ ಅವನು ತೊಡುವ ಕೆಲಸದ ಮೇಲಂಗಿಗೆ ಅವಳು ಇಸ್ತ್ರಿ ಹಾಕಿಟ್ಟಳು.

ಮೊದಲ ಎರಡು ದಿನ ಏನೂ ಆಗಲಿಲ್ಲ. ಸೊನ್ನೆಯ ಕೆಳಗೆ ಹದಿನೆಂಟು, ಹಿತವಾದ ಹವೆ. ಮೂರನೆಯ ದಿನ ಉತ್ತರದ ಗಾಳಿ ಬಂತು. ಬೆಳಿಗ್ಗೆ ಸೊನ್ನೆಯ ಕೆಳಗೆ ಮೂವತ್ತಾರು. ಎಂಜಿನ್ ಬೆಚ್ಚಗಿಡುವ ಹೀಟರಿನ ತಂತಿ ರಾತ್ರಿಯೆಲ್ಲ ಸಿಕ್ಕಿಸಿದ್ದರಿಂದ ಕಾರು ಸಲೀಸಾಗಿ ಶುರುವಾಯಿತು. ಮೂವತ್ತು ಕಿಲೋಮೀಟರಿನವರೆಗೆ ಚೆನ್ನಾಗಿಯೇ ಓಡಿತು. ಆಮೇಲೆ ಏರು ಹತ್ತುವ ಮುದುಕನಂತೆ ಏದುಸಿರು ಬಿಡತೊಡಗಿತು. ಆ ದಾರಿಯಲ್ಲಿ ಏರೇ ಇಲ್ಲ. ಕಾಲು ಒತ್ತಿದಷ್ಟೂ ವೇಗ ಇಳಿಯಿತು, ಹಿಂದೆ ಕಪ್ಪು ಹೊಗೆ ಎದ್ದಿತು, ಕೊನೆಗೆ ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ತೆವಳುತ್ತಾ ಹೋಗಿ ಒಂದು ಹೊಲದ ಗೇಟಿನೆದುರು ನಿಂತೇಬಿಟ್ಟಿತು.

ವಸಿಲ್ ಬಂದ. ಫ್ಲಾಸ್ಕಿನಲ್ಲಿ ಚಹಾ ತಂದಿದ್ದ, ಹಗ್ಗ ತಂದಿದ್ದ, ಜೊತೆಗೆ ನಗುವನ್ನೂ ತಂದಿದ್ದ. ಕಾರನ್ನು ಎಳೆದುಕೊಂಡು ವಾಪಸು ಕಲಿನಾಕ್ಕೆ, ಧಾನ್ಯದ ಗೋದಾಮಿನ ಪಕ್ಕದ ಲೋರ್ನಾ ಟಾಲೆಫ್ಸನ್‌ಳ ಗ್ಯಾರೇಜಿಗೆ ತಂದುಬಿಟ್ಟ. ಲೋರ್ನಾಳಿಗೆ ಐವತ್ತರ ಆಸುಪಾಸು. ಅಪ್ಪನ ಗ್ಯಾರೇಜನ್ನು ಇಪ್ಪತ್ತೆಂಟು ವರ್ಷದಿಂದ ತಾನೇ ನಡೆಸುತ್ತಿದ್ದಳು. ಮಾತು ಕಡಿಮೆ, ಕೈ ಚುರುಕು. ಗ್ಯಾರೇಜನ್ನು ಬೇಸಿಗೆಯಂತೆ ಬೆಚ್ಚಗಿಟ್ಟು ತೋಳಿಲ್ಲದ ಅಂಗಿಯಲ್ಲಿ ಕೆಲಸ ಮಾಡುವುದು ಅವಳ ರೂಢಿ. ಕೈಯಲ್ಲಿದ್ದ ಟ್ರ್ಯಾಕ್ಟರಿನ ಕೆಲಸ ಮುಗಿಸಿ ಎರಡು ಗಂಟೆ ಬಿಟ್ಟು ಕಾರಿನ ಹತ್ತಿರ ಬಂದಳು. ಕೀಲಿ ತಿರುಗಿಸಿದಳು. ಕಾರು ಒಂದೆರಡು ಸಲ ಕೆಮ್ಮಿ, ಬಿಳಿ ಹಬೆ ಉಗುಳಿ, ಆಮೇಲೆ ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ನಿಂತಿತು. ಊರ ಸುತ್ತ ಒಂದು ಸುತ್ತು ಓಡಿಸಿ ಬಂದು ಕೀಲಿ ಅವನ ಕೈಗಿಟ್ಟಳು. ಏನೂ ಆಗಿಲ್ಲ ಎಂದಳು.

ಹೀಗೆ ಒಂದೇ ವಾರದಲ್ಲಿ ಮೂರು ಸಲ ಆಯಿತು. ಹೆದ್ದಾರಿಯಲ್ಲಿ ಪ್ರಾಣ ಬಿಡುವುದು, ಗ್ಯಾರೇಜಿನ ಬೆಚ್ಚಗಿನಲ್ಲಿ ಎದ್ದು ಕೂರುವುದು. ಶಾಲೆಗೆ ಹೊರಡುವಾಗ ಹೊಟ್ಟೆನೋವೆಂದು ಅತ್ತು ಡಾಕ್ಟರ ಮುಂದೆ ಕುಣಿದಾಡುವ ಮಗುವಿನ ಹಾಗೆ. ಎರಡನೆಯ ಸಲ ಲೋರ್ನಾ ಡೀಸೆಲ್ ಸೋಸುವ ಫಿಲ್ಟರು ಬದಲಾಯಿಸಿದಳು. ಮೂರನೆಯ ಸಲ ಗಾಳಿಯ ಫಿಲ್ಟರು, ಒಂದೆರಡು ಕೊಳವೆಗಳು, ಎಲ್ಲ ಬಿಚ್ಚಿ ನೋಡಿದಳು. ಕೊನೆಗೆ ಸ್ಪ್ಯಾನರನ್ನು ಒರೆಸುತ್ತಾ, ಹೆದ್ದಾರಿಯಲ್ಲಿ ನೀವು ಇದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದಳು. ಕೇಳಿದ ಧಾಟಿ ಜೆನೋನನಿಗೆ ಹಿಡಿಸಲಿಲ್ಲ. ಕಾರನ್ನು ತಾನು ಹೊಡೆದು ಹಿಂಸಿಸುತ್ತೇನೆ ಎಂದುಕೊಂಡಿದ್ದಾಳೋ ಏನೋ ಅನ್ನಿಸಿತು.

ಸಹಕಾರ ಅಂಗಡಿಯ ಕಾಫಿ ಮೇಜಿನಲ್ಲಿ ಆ ವಾರ ಬೇರೆ ವಿಷಯವೇ ಇರಲಿಲ್ಲ. ಚಳಿಗೆ ಡೀಸೆಲ್ ಗಂಜಿಯಾಗಿದೆ ಎಂದು ಒಬ್ಬರು, ಟ್ಯಾಂಕಿನಲ್ಲಿ ನೀರು ಸೇರಿದೆ ಎಂದು ಇನ್ನೊಬ್ಬರು. ಮುಂಭಾಗಕ್ಕೆ ರಟ್ಟು ಕಟ್ಟು, ಎಲ್ಲ ಸರಿಹೋಗುತ್ತದೆ ಎಂದು ಎಲ್ಲರೂ. ಬಯಲು ಸೀಮೆಯಲ್ಲಿ ಚಳಿ ಹೆಚ್ಚಾದಾಗ ರೇಡಿಯೇಟರಿನ ಮುಂದೆ ರಟ್ಟು ಕಟ್ಟುವುದು ಟೋಪಿ ಹಾಕಿಕೊಳ್ಳುವಷ್ಟೇ ಸಹಜ. ಜೆನೋನ್ ಬಾಳೆಹಣ್ಣಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ಕಾರಿನ ಮೂತಿಯ ನಡುವೆ ಅಚ್ಚುಕಟ್ಟಾಗಿ ಕಟ್ಟಿದ. ಮೂರನೆಯ ಸಲ ಕಾರು ನಿಂತದ್ದು ಬಾಳೆಹಣ್ಣಿನ ಚಿತ್ರ ಹೊತ್ತುಕೊಂಡು, ಅದೇ ಹೊಲದ ಗೇಟಿನೆದುರು. ಗೇಟಿನ ಒಡೆಯ ಈಗ ಕೈಬೀಸಲು ಶುರು ಮಾಡಿದ್ದ.

ಸ್ಟೆಫಾ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: ನೀನು ಓಡಿಸುವ ರೀತಿಗೆ ಅದಕ್ಕೆ ಬಿಸಿಯೇ ಏರುವುದಿಲ್ಲ. ಕಾರಿನ ಬಗ್ಗೆ ಅವಳಿಗೇನು ಗೊತ್ತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ಅವಳು ಶಾಲೆಯ ಬಸ್ಸು ಓಡಿಸಿದ್ದಳು.

ನಗುವವರು ನಗಲಿ, ಆದರೆ ಎಲ್ಮ್‌ವಿಕ್‌ನಲ್ಲಿ ನೆಲ ಹಾಳಾಗತೊಡಗಿತು. ಐಸು ಕಾಯುವುದಿಲ್ಲ. ಜೆನೋನ್ ಮೂರು ಗಂಟೆ ತಡವಾಗಿ ಹೋದ ದಿನ, ಅಭ್ಯಾಸಕ್ಕೆ ಬಂದ ಹೆಂಗಸೊಬ್ಬಳು ಜಾರಿಸಿದ ಕಲ್ಲು ಅರ್ಧ ದಾರಿಯಲ್ಲಿ ಏನೋ ನೆನಪಾದಂತೆ ನಿಂತುಬಿಟ್ಟಿತ್ತು. ಸಮಿತಿಯ ಕಾರ್ಯದರ್ಶಿ ತುಂಬ ಮರ್ಯಾದೆಯಿಂದಲೇ ಮಾತಾಡಿದ. ನಿಮಗೆ ತೊಂದರೆಯಾಗುವುದಾದರೆ ನಗರದಿಂದ ಯಾರನ್ನಾದರೂ ಕರೆಸಬಹುದು, ಸಂಕೋಚ ಬೇಡ ಎಂದ. ಅದು ಮಂಗಳವಾರ. ಪಂದ್ಯಾವಳಿ ಶುಕ್ರವಾರ. ಆ ಮರ್ಯಾದೆಯೇ ಜೆನೋನನನ್ನು ಚುಚ್ಚಿತು. ಬೈದಿದ್ದರೆ ಮರೆತುಬಿಡುತ್ತಿದ್ದ. ನನ್ನ ಟ್ರಕ್ಕಿನಲ್ಲಿ ಬಿಟ್ಟು ಬರುತ್ತೇನೆ ಎಂದು ವಸಿಲ್ ಹೇಳಿದ್ದಕ್ಕೆ, ನಡೆದುಕೊಂಡು ಬೇಕಾದರೂ ಹೋಗುತ್ತೇನೆ ಎಂದ. ಹೇಳಿದ ಮೇಲೆ ಅದರ ದೂರ ನೆನಪಾಗಿ ಕಾರಿನ ಕೀಲಿಗಾಗಿ ಜೇಬು ತಡಕಿದ.

ಬುಧವಾರ ಬೆಳಿಗ್ಗೆ ಹೇಗೋ ತಲುಪಿದ. ಕೆಲಸ ಮುಗಿಸಿ ಹಿಂದಿರುಗುವಾಗ, ಮಧ್ಯಾಹ್ನ ಎರಡರ ಹೊತ್ತಿಗೆ, ಊರು ಇನ್ನು ಹನ್ನೆರಡು ಕಿಲೋಮೀಟರು ಇರುವಾಗ ಕಾರು ಮತ್ತೆ ನಿಂತಿತು. ಸೊನ್ನೆಯ ಕೆಳಗೆ ಮೂವತ್ತೆಂಟು. ವಸಿಲ್ ಬರುವವರೆಗೆ ಜೆನೋನ್ ಒಳಗೆ ಕೂತು ಕಾಯುತ್ತಿದ್ದ. ಅವನ ಉಸಿರು ಗಾಜಿನ ಒಳಗಡೆ ಜರೀಗಿಡದ ಎಲೆಗಳಂತೆ ಹಿಮ ಬರೆಯುತ್ತಿತ್ತು. ಅವನು ಅದನ್ನು ಉಗುರಿನಿಂದ ಕೆರೆದ. ಮತ್ತೆ ಬರೆಯಿತು. ಅದನ್ನೇ ನೋಡುತ್ತಾ ಕೂತವನಿಗೆ ಒಂದು ಸಂಗತಿ ಹೊಳೆಯಿತು. ರಿಂಕಿನ ಸೂರಿನ ಹಿಮ ನೋಡಬೇಕಾದರೆ ಅವನು ಬೆಳಿಗ್ಗೆ, ಒಲೆ ಹಚ್ಚುವ ಮೊದಲೇ ಹೋಗುತ್ತಿದ್ದ. ಹಚ್ಚಿದ ಮೇಲೆ ಹೋದರೆ ನೋಡಲು ಏನಿರುತ್ತದೆ? ಈ ಕಾರನ್ನು ಮೂರು ಸಲವೂ ನೇರ ಒಯ್ದು ಒಲೆಯ ಪಕ್ಕದಲ್ಲಿ ಕೂರಿಸಿದ್ದೇವೆ.

ವಸಿಲ್ ಹಗ್ಗ ಬಿಗಿದು ಟ್ರಕ್ಕು ಹತ್ತಿದಾಗ ಜೆನೋನ್ ಕಿಟಕಿಯ ಹತ್ತಿರ ಬಂದು, ಗ್ಯಾರೇಜಿಗೆ ಬೇಡ, ರಿಂಕಿಗೆ ಎಳೆ ಎಂದ. ವಸಿಲ್ ಅವನ ಮುಖ ನೋಡಿದ. ಚಳಿಗೆ ತಲೆ ಕೆಟ್ಟವರ ಕಥೆ ಅವನು ಕೇಳಿದ್ದ.

"ಭಾವ, ಚಹಾ ಕುಡಿ ಮೊದಲು," ಎಂದ.

"ಕುಡೀತೀನಿ. ರಿಂಕಿಗೆ ಎಳಿ. ಹಿಂದಿನ ಬಾಗಿಲಿಗೆ. ಲೋರ್ನಾಗೆ ಫೋನ್ ಮಾಡಿ ಸಾಮಾನು ತಗೊಂಡು ಅಲ್ಲಿಗೆ ಬರೋಕೆ ಹೇಳು. ಕೋಟು ಹಾಕ್ಕೊಂಡ್ ಬರ್ಲಿ."

ಲೋರ್ನಾ ಫೋನಿನಲ್ಲಿ, ಇಪ್ಪತ್ತೆಂಟು ವರ್ಷದಿಂದ ಗಾಡಿಗಳೇ ನನ್ನ ಹತ್ತಿರ ಬರುತ್ತಿವೆ, ನಾನು ಗಾಡಿಗಳ ಹತ್ತಿರ ಹೋಗಿಲ್ಲ ಎಂದಳಂತೆ. ಆದರೆ ಬಂದಳು.

ಕಲಿನಾದ ರಿಂಕಿನ ಹಿಂದೆ ಯಂತ್ರಗಳನ್ನು ಒಳತರಲು ಒಂದು ಅಗಲವಾದ ಬಾಗಿಲಿದೆ. ಒಳಗೆ ಗಾಳಿಯಿಲ್ಲ, ಬೆಳಕಿದೆ, ಚಳಿ ಸೊನ್ನೆಯ ಕೆಳಗೆ ನಾಲ್ಕೈದು ಮಾತ್ರ. ಏನೂ ಕರಗದು, ಕೈಬೆರಳೂ ಮರಗಟ್ಟದು. ಮೂರು ಪಟ್ಟಿಗಳ ಹಿಂದಿನ ಹಲಗೆಯ ಓಡಾಟದ ಜಾಗದಲ್ಲಿ ಹಳೆಯ ಕಂಬಳಿ ಹಾಸಿ, ಚಕ್ರದ ಉಪ್ಪು ಒರೆಸಿ, ಇಬ್ಬರೂ ಕಾರನ್ನು ತಳ್ಳಿ ಒಳಗೆ ತಂದರು. ಆ ಹೊತ್ತಿನಲ್ಲಿ ಹಿರಿಯ ಹೆಂಗಸರ ಅಭ್ಯಾಸ ನಡೆದಿತ್ತು. ಕಲ್ಲುಗಳು ಒಂದೊಂದಾಗಿ ನಿಂತವು. ಕ್ಲಬ್ಬಿನ ಅಧ್ಯಕ್ಷೆ ಆಗ್ನೆಸ್ ಟೀಚರ್, ಬಾಗಲಾಗದೆ ಉದ್ದ ಕೋಲಿನಿಂದ ಕಲ್ಲು ತಳ್ಳಿ ಆಡುವವರು, ಆ ಕೋಲನ್ನೇ ಊರಿಕೊಂಡು ಬಂದರು. ಜೆನೋನ್ ನಾಲ್ಕನೆಯ ತರಗತಿಯಲ್ಲಿ ಅವರ ಕೈಕೆಳಗೆ ಕಲಿತವನು. ಅವನ ಟೋಪಿ ತಾನಾಗಿ ಕೈಗೆ ಬಂತು.

"ಜೆನೋನ್, ಅದು ಕಾರಲ್ವಾ?"

"ಹೌದು ಟೀಚರ್."

"ಯಾರಾದ್ರೂ ಕಾಫಿ ಲೋಟ ತಂದ್ರೆ ಆಚೆ ಹಾಕ್ತೀಯ."

"ಇದು ನಿಮ್ಮ ಕಾರೇ ಟೀಚರ್."

"ನನ್ನ ಹತ್ರ ಇದ್ದಾಗ ಅದು ರಿಂಕಿಗೆ ಬಂದಿರ್ಲಿಲ್ಲ," ಎಂದು ಟೀಚರ್ ಒಂದು ಕುರ್ಚಿ ತರಿಸಿಕೊಂಡು ಕೂತರು. ಉಳಿದ ಹೆಂಗಸರೂ ಪೊರಕೆ ಹಿಡಿದುಕೊಂಡೇ ಸುತ್ತ ನೆರೆದರು.

ಲೋರ್ನಾ ಕೋಟು ಹಾಕಿಕೊಂಡು ಬೈಯುತ್ತಲೇ ಕೆಲಸಕ್ಕಿಳಿದಳು. ಗಾಳಿ ಹೋಗುವ ದಾರಿಯನ್ನು ಮೊದಲಿನಿಂದ ಹಿಡಿದಳು. ಫಿಲ್ಟರು ಸರಿ. ಟರ್ಬೊ ಸರಿ, ಅದರ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿದರೆ ತಿರುಗಿತು. ಆಮೇಲೆ ಬಲಗಡೆಯ ಮುಂಚಕ್ರ ಕಳಚಿ, ಒಳಗಿನ ಪ್ಲಾಸ್ಟಿಕ್ ತಡಿಕೆ ಬಿಚ್ಚಿದಳು. ಬಂಪರಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಪುಸ್ತಕದಷ್ಟು ದೊಡ್ಡ ಒಂದು ತಗಡಿನ ಡಬ್ಬ ಕೂತಿತ್ತು. ಸಣ್ಣ ರೇಡಿಯೇಟರಿನಂತೆ ಕಾಣುತ್ತಿತ್ತು. ಜೆನೋನ್ ಕಟ್ಟಿದ ಬಾಳೆಹಣ್ಣಿನ ರಟ್ಟು ನಡುವಿನಲ್ಲಿತ್ತು. ಈ ಮೂಲೆಗೆ ನೇರ ಗಾಳಿ ಬಡಿಯುತ್ತಿತ್ತು.

ಅದೇನೆಂದು ವಸಿಲ್ ಕೇಳಿದ. ಇಂಟರ್‌ಕೂಲರ್ ಎಂದಳು ಲೋರ್ನಾ. ಟರ್ಬೊ ಗಾಳಿಯನ್ನು ಒತ್ತಿ ಕಳಿಸುವಾಗ ಅದು ಬಿಸಿಯಾಗುತ್ತದೆ. ಎಂಜಿನ್ನಿಗೆ ಹೋಗುವ ಮೊದಲು ಅದನ್ನು ತಣಿಸುವುದು ಈ ಡಬ್ಬದ ಕೆಲಸ.

"ತಣಿಸೋದಾ?" ಎಂದ ವಸಿಲ್. "ಹೊರಗೆ ಮೈನಸ್ ಮೂವತ್ತೆಂಟು ಇದೆ. ಇನ್ನೂ ತಣಿಸೋಕೆ ಒಂದು ಯಂತ್ರ ಬೇಕಾ?"

ಲೋರ್ನಾ ಆಗಲೇ ಡಬ್ಬದ ಅಡಿಗೆ ತೂರಿದ್ದಳು. ಕೆಳಗಿನ ಕೊಳವೆ ಕಳಚಿ ಒಳಗೆ ಟಾರ್ಚು ಬಿಟ್ಟಳು. ಪಕ್ಕಕ್ಕೆ ಸರಿದು, ಜೆನೋನನಿಗೆ ನೋಡಲು ಜಾಗ ಬಿಟ್ಟಳು.

ಬಾಯಿ ತುಂಬ ಐಸು. ಗಾಳಿ ಹೋಗಲು ಕಿರುಬೆರಳಿನಷ್ಟೂ ದಾರಿಯಿರಲಿಲ್ಲ. ಜೆನೋನ್ ಕೈಗವುಸು ತೆಗೆದು ಅದನ್ನು ಬೆರಳಿನಿಂದ ಸವರಿದ, ಉಗುರಿನಿಂದ ಕೆರೆದ, ಮೂಸಿ ನೋಡಿದ. ಆ ಕ್ಷಣದಲ್ಲಿ ಅವನ ಮುಖದಲ್ಲಿ ಒಂದು ವಾರದಿಂದ ಕಾಣದಿದ್ದ ನೆಮ್ಮದಿ ಕಂಡಿತು ಎಂದು ಆಮೇಲೆ ನೋಡಿದವರೆಲ್ಲ ಹೇಳಿದರು. ಕಡೆಗೂ ಕಾರು ಅವನಿಗೆ ಗೊತ್ತಿರುವ ಭಾಷೆಯಲ್ಲಿ ಮಾತಾಡಿತ್ತು.

"ಇದು ಹೊರಗಿಂದ ನುಗ್ಗಿದ ಹಿಮ ಅಲ್ಲ," ಎಂದ. "ಒಂದೇ ಸಲ ಕಟ್ಟಿದ್ದೂ ಅಲ್ಲ. ಪದರ ಪದರವಾಗಿ ಬಂದಿದೆ. ನಮ್ಮ ಸೂರಿನ ಹಿಮದ ಹಾಗೆ. ಯಾರೋ ಒಳಗೆ ಉಸಿರು ಬಿಡ್ತಿದ್ದಾರೆ. ಎಣ್ಣೆ ವಾಸನೆ ಬೇರೆ ಇದೆ ಲೋರ್ನಾ. ಈ ಎಂಜಿನ್ ಎಲ್ಲಿ ಉಸಿರು ಬಿಡುತ್ತೆ?"

ಲೋರ್ನಾ ಎದ್ದು ನಿಂತಳು. ಎಂಜಿನ್ನಿನ ತಲೆಯಿಂದ ಹೊರಟು ಗಾಳಿಯ ಕೊಳವೆಗೆ ಸೇರುವ ಹೆಬ್ಬೆರಳು ಗಾತ್ರದ ರಬ್ಬರು ನಳಿಗೆಯನ್ನು ತೋರಿಸಿದಳು. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಹೊಗೆ, ಎಣ್ಣೆಯ ಆವಿ, ನೀರಿನ ಹಬೆ, ಎಲ್ಲ ಅಲ್ಲಿಂದ ಹೊರಬಿದ್ದು ಮತ್ತೆ ಒಳಗೇ ಹೋಗುತ್ತದೆ. ಬೇರೆ ಕಾಲದಲ್ಲಿ ಸುಟ್ಟುಹೋಗುತ್ತದೆ. ಈ ಚಳಿಯಲ್ಲಿ ದಾರಿಯ ಮೂಲೆಯಲ್ಲಿ ಆ ತಣ್ಣನೆಯ ಡಬ್ಬ ಕಾದು ಕೂತಿದೆ. ಹಬೆ ಅಲ್ಲೇ ಅಂಟಿಕೊಳ್ಳುತ್ತದೆ. ಅರ್ಧ ಮುಕ್ಕಾಲು ಗಂಟೆ ಓಡಿಸಿದರೆ ಬಾಯಿ ಮುಚ್ಚುತ್ತದೆ.

"ನಾನು ಹದಿಮೂರು ವರ್ಷ ಓಡಿಸಿದೆ," ಎಂದರು ಆಗ್ನೆಸ್ ಟೀಚರ್ ಕುರ್ಚಿಯಿಂದಲೇ. "ಒಂದಿನಾನೂ ಹೀಗೆ ಮಾಡಿಲ್ಲ."

ಟೀಚರ್, ಕಾರು ಎಲ್ಲಿ ನಿಲ್ಲಿಸುತ್ತಿದ್ದಿರಿ ಎಂದು ಲೋರ್ನಾ ಕೇಳಿದಳು. ಮನೆಗೆ ಅಂಟಿದ ಬೆಚ್ಚನೆಯ ಗ್ಯಾರೇಜಿನಲ್ಲಿ ಎಂದರು ಟೀಚರ್. ಹೇಗೆ ಓಡಿಸುತ್ತಿದ್ದಿರಿ?

"ಮೂರನೇ ಗೇರಲ್ಲಿ."

"ಹೆದ್ದಾರೀಲೂ?"

"ಹೆದ್ದಾರೀಲಿ ನಾಲ್ಕು. ಐದನೇದು ಯಾತಕ್ಕಿಟ್ಟಿದ್ದಾರೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಲೋರ್ನಾ ನಕ್ಕಳು. ಅವಳು ನಕ್ಕಿದ್ದನ್ನು ಅಲ್ಲಿದ್ದ ಬಹಳ ಜನ ಮೊದಲ ಸಲ ನೋಡಿದ್ದು. ಎಂಜಿನ್ ಅರಚಿಕೊಂಡು ಓಡಿದರೆ ಟರ್ಬೊ ಜೋರಾಗಿ ಒತ್ತುತ್ತದೆ, ಗಾಳಿ ಬಿಸಿಯಾಗಿ ಬರುತ್ತದೆ, ಆ ಡಬ್ಬದಲ್ಲಿ ಐಸು ನಿಲ್ಲುವುದಿಲ್ಲ. ನಿಂತರೂ ರಾತ್ರಿ ಗ್ಯಾರೇಜಿನಲ್ಲಿ ಕರಗಿಹೋಗುತ್ತದೆ. ಜೆನೋನ್ ಮಗುವನ್ನು ತೂಗಿದಂತೆ ಓಡಿಸಿ, ಅಂಗಳದ ಚಳಿಯಲ್ಲಿ ನಿಲ್ಲಿಸಿ, ತಾನೇ ಕೈಯಾರೆ ಐಸು ಕಟ್ಟಿದ್ದ. ಪೊರಕೆ ಹಿಡಿದಿದ್ದ ಹೆಂಗಸೊಬ್ಬಳು, ಪಾಪ, ಅವನಿಗೆ ಬೇರೆ ಕೆಲಸ ಬರೋದಿಲ್ಲವಲ್ಲ ಎಂದಳು. ವಸಿಲ್‌ಗೆ ಆ ಮಾತು ತನಗೆ ಹೊಳೆಯಲಿಲ್ಲವೆಂದು ಹೊಟ್ಟೆ ಉರಿಯಿತು.

ಡಬ್ಬವನ್ನು ಬಿಚ್ಚಿ ಕರಗಿಸಬೇಕಿತ್ತು. ಬಿಸಿನೀರು ಇದ್ದದ್ದು ಕ್ಲಬ್ಬಿನ ಅಡಿಗೆಮನೆಯಲ್ಲಿ. ಅಲ್ಲಿ ಸ್ಟೆಫಾ ಮತ್ತು ಇನ್ನಿಬ್ಬರು ಶುಕ್ರವಾರಕ್ಕೆಂದು ಪಿರೊಹಿ ಬೇಯಿಸುತ್ತಿದ್ದರು. ಆಲೂಗಡ್ಡೆ, ಚೀಸು ತುಂಬಿದ ಹಿಟ್ಟಿನ ಕಡುಬುಗಳು ನೂರಾರು ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಜೆನೋನ್ ಎಣ್ಣೆ ಸುರಿಯುವ ತಗಡಿನ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಬಂದು, ಪಾತ್ರೆ ತೊಳೆಯುವ ತೊಟ್ಟಿ ಖಾಲಿ ಇದೆಯೇ ಎಂದು ಕೇಳಿದ. ಸ್ಟೆಫಾ ಆಗ ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಉಕ್ರೇನಿನಿಂದ ಅವಳ ಅಜ್ಜಿ ತಂದ ಮಾತುಗಳು ಅವು, ಹಬ್ಬದ ದಿನಕ್ಕಲ್ಲ. ಕೊನೆಗೆ ಪಿರೊಹಿಗಳೆಲ್ಲ ಬೇರೆ ಕೋಣೆಗೆ ಹೋದವು, ಡಬ್ಬ ತೊಟ್ಟಿಯಲ್ಲಿ ಕೂತಿತು.

ಕುದಿನೀರು ಹೊಯ್ದಾಗ ಮೊದಲು ಚಟಪಟ ಎಂದಿತು. ಆಮೇಲೆ ಬಾಚಣಿಗೆಯ ಹಲ್ಲಿನಂತೆ ಗೀರು ಬಿದ್ದ ಐಸಿನ ತುಂಡುಗಳು ಜಾರಿ ಬಿದ್ದವು. ಹಿಂದೆಯೇ ಚಹಾ ಬಣ್ಣದ ನೀರು ಹರಿಯಿತು. ಲೋರ್ನಾ ಅದನ್ನು ಅಳತೆಯ ಜಗ್ಗಿನಲ್ಲಿ ಹಿಡಿದಳು. ಒಂದು ಲೀಟರಿಗೆ ಸ್ವಲ್ಪ ಕಡಿಮೆ. ಜಗ್ಗನ್ನು ಮೇಜಿನ ಮೇಲಿಟ್ಟವಳು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮುಖ ಸಣ್ಣದಾಗಿತ್ತು.

ಏನಾಯಿತೆಂದು ಸ್ಟೆಫಾ ಕೇಳಿದಳು.

"ನೀರು ಗಾಳಿ ಹಾಗಲ್ಲ, ಒತ್ತಿದ್ರೆ ಬಗ್ಗಲ್ಲ," ಎಂದಳು ಲೋರ್ನಾ. "ಇಷ್ಟು ನೀರು ಒಂದೇ ಗುಟುಕಿಗೆ ಎಂಜಿನ್ ಒಳಗೆ ಹೋಗಿದ್ರೆ ಒಳಗಿನ ಸರಳುಗಳೆಲ್ಲ ಬಗ್ಗಿ ಎಂಜಿನ್ನೇ ಮುಗೀತಿತ್ತು. ಮೂರು ಸಲ ನನ್ನ ಗ್ಯಾರೇಜಲ್ಲಿ ಕರಗಿಸಿ, ಮೂರು ಸಲ ನಾನೇ ಕೀಲಿ ತಿರುಗಿಸಿದೀನಿ. ಬಿಳಿ ಹಬೆ ಉಗುಳ್ತು, ಕೆಮ್ತು. ನೋಡ್ಕೊಂಡು ಸುಮ್ನಿದ್ದೆ. ಜೆನೋನ್, ನಾನು ನಿಮ್ಮ ಮೇಲೇ ಅನುಮಾನ ಪಟ್ಟಿದ್ದೆ."

ಇಪ್ಪತ್ತೆಂಟು ವರ್ಷದಲ್ಲಿ ಲೋರ್ನಾ ತಪ್ಪು ಒಪ್ಪಿಕೊಂಡದ್ದನ್ನು ಜೆನೋನ್ ಕೇಳಿರಲಿಲ್ಲ. ತಾನು ಒಂದು ಸಲ ಮೂರನೆಯ ಪಟ್ಟಿಗೆ ಕುದಿನೀರಿನ ಬದಲು ಸಕ್ಕರೆ ಹಾಕಿದ ನೀರು ಚಿಮುಕಿಸಿ ಒಂದು ವಾರ ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದ. ಅದು ಸಮಾಧಾನವೋ ಅಲ್ಲವೋ, ಲೋರ್ನಾ ಎದ್ದು ಕೈ ತೊಳೆದುಕೊಂಡಳು. ಬಾಗಿಲಲ್ಲಿ ನಿಂತಿದ್ದ ಟೀಚರ್ ಮಾತ್ರ, ಯಾವ ವರ್ಷ ಅದು ಎಂದು ಕೇಳಿದರು.

ಇನ್ನೇನು ಮಾಡಬೇಕೆಂದು ಲೋರ್ನಾ ಹೇಳುತ್ತಾ ಹೋದಳು. ಆ ಮೂಲೆಯನ್ನು ಮುಚ್ಚಬೇಕು, ಉಸಿರಿನ ನಳಿಗೆಗೆ ಬೆಚ್ಚನೆಯ ಹೊದಿಕೆ ಸುತ್ತಬೇಕು, ವಾರಕ್ಕೊಮ್ಮೆ ಬೆಚ್ಚಗಿರುವ ಕಡೆ ನಿಲ್ಲಿಸಿ, ಕೀಲಿ ಮುಟ್ಟುವ ಮೊದಲು ಕೆಳಗಿನ ಕೊಳವೆ ಬಿಚ್ಚಿ ನೀರು ಬಸಿಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಚಳಿಯಲ್ಲಿ ಐದನೆಯ ಗೇರು ಮರೆತುಬಿಡಬೇಕು. ಎಂಜಿನ್ನಿಗೆ ನಿದ್ದೆ ಬರಬಾರದು.

ಎಲ್ಲರೂ ಸ್ಟೆಫಾಳ ಕಡೆ ನೋಡಿದರು. ಅವಳು ಏನೂ ಅನ್ನದೆ ತೊಟ್ಟಿ ಉಜ್ಜುತ್ತಿದ್ದಳು. ಗಂಡನಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

ನಳಿಗೆಗೆ ರಿಂಕಿನ ತಣ್ಣೀರು ಕೊಳವೆಗಳಿಗೆ ಸುತ್ತುವ ಸ್ಪಂಜಿನ ತೋಳು ಸಿಕ್ಕಿತು. ಮೂಲೆ ಮುಚ್ಚಲು ನೀರಿಗೆ ನೆನೆಯದ ಏನಾದರೂ ಬೇಕಿತ್ತು. ವಸಿಲ್ ಟ್ರಕ್ಕಿನ ಹಿಂದಿನಿಂದ ಹಳೆಯ ಚುನಾವಣೆಯ ಪ್ಲಾಸ್ಟಿಕ್ ಫಲಕವೊಂದನ್ನು ತಂದ. ಸೋತ ಅಭ್ಯರ್ಥಿಯದು, ಗೆದ್ದವನ ಫಲಕ ಯಾರೂ ಕೊಡುವುದಿಲ್ಲ. ಕತ್ತರಿಸಿದಾಗ ಬೇಕಾದ ಅಳತೆಗೆ ಸರಿಯಾಗಿ ಬಂದದ್ದು ಮುಖದ ಕೆಳಗಿನ ಅರ್ಧ. ಆದ್ದರಿಂದ ಬಂಪರಿನ ಬಲ ಮೂಲೆಯಲ್ಲಿ ಒಂದು ಅಗಲವಾದ ನಗು ಕೂತಿತು.

ಗುರುವಾರ ಬೆಳಿಗ್ಗೆ ಸೊನ್ನೆಯ ಕೆಳಗೆ ಮೂವತ್ತೊಂಬತ್ತು. ಜೆನೋನ್ ಹೊರಟ. ಯಾರೂ ಕರೆಯದಿದ್ದರೂ ವಸಿಲ್ ಹಗ್ಗ, ಫ್ಲಾಸ್ಕು ಸಮೇತ ಹಿಂದೆ ಹೊರಟ. ಮೂರನೆಯ ಗೇರಿನಲ್ಲಿ ಕಾರು ಊರೆಲ್ಲ ಎಬ್ಬಿಸಿತು. ಜೆನೋನ್ ಪ್ರತಿ ಸಲ ಎಂಜಿನ್ ಕೂಗಿದಾಗಲೂ ತನಗೇ ನೋವಾದಂತೆ ಮುಖ ಕಿವುಚಿ, ಗೇರಿನ ಮೇಲೆ ಹೋದ ಕೈಯನ್ನು ಮತ್ತೆ ಹಿಂದಕ್ಕೆಳೆದುಕೊಂಡು, ನಾಲ್ಕರಲ್ಲೇ ಓಡಿಸಿದ. ಹೊಲದ ಗೇಟು ಬಂತು. ಒಡೆಯ ಕೈಯೆತ್ತಿದ. ಕಾರು ನಿಲ್ಲದೆ ಹೋದದ್ದನ್ನು ಕಂಡು ಅವನ ಕೈ ಮೇಲೇ ಉಳಿಯಿತು.

ಎಲ್ಮ್‌ವಿಕ್‌ನ ರಿಂಕಿನ ಮುಂದೆ ಕಾರು ನಿಲ್ಲಿಸಿ ಇಳಿದ ಜೆನೋನ್ ಅದರ ಬಾನೆಟ್ಟನ್ನೊಮ್ಮೆ ತಟ್ಟಿದ. ವಸಿಲ್ ಕಿಟಕಿ ಇಳಿಸಿ, ಹಗ್ಗದ ಕಡೆ ಒಮ್ಮೆ, ಭಾವನ ಕಡೆ ಒಮ್ಮೆ ನೋಡಿ, ಚಹಾ ಬೇಕಾ ಎಂದಷ್ಟೇ ಕೇಳಿದ. ಇಬ್ಬರೂ ನಿಂತೇ ಕುಡಿದರು. ಆ ದಿನವೆಲ್ಲ ಜೆನೋನ್ ಎಂಟು ಪಟ್ಟಿಗಳನ್ನು ಹೆರೆದು, ನೀರು ಹಾಯಿಸಿ, ಮತ್ತೆ ಹೆರೆದು, ಸಂಜೆ ತೊಟ್ಟಿ ಬೆನ್ನಿಗೇರಿಸಿ ಹಿಂದು ಹಿಂದಕ್ಕೆ ನಡೆದ. ಶುಕ್ರವಾರ ಮೊದಲ ಕಲ್ಲು ಹೊರಟಾಗ ಅವನು ಗಾಜಿನಾಚೆ ನಿಂತು ಕಣ್ಣು ಮುಚ್ಚಿ ಸದ್ದು ಕೇಳಿದ. ಕಲ್ಲು ಕೊನೆಯವರೆಗೂ ಒಂದೇ ಸ್ವರದಲ್ಲಿ ಗುನುಗುತ್ತಾ ಹೋಯಿತು. ಮೂರು ದಿನದಲ್ಲಿ ಐಸಿನ ಬಗ್ಗೆ ಒಂದೂ ದೂರು ಬರಲಿಲ್ಲ. ಐಸಿನವನಿಗೆ ಹೊಗಳಿಕೆ ಎಂಬುದು ಬೇರೆ ಇಲ್ಲ.

ಸುದ್ದಿ ಹರಡಿತು. ಆ ಭಾಗದಲ್ಲಿ ಅಂಥದೇ ಹಳೆಯ ಡೀಸೆಲ್ ಕಾರುಗಳು ಇನ್ನೂ ಇದ್ದವು, ಎಲ್ಲವಕ್ಕೂ ಚಳಿಯಲ್ಲಿ ಮೂರ್ಛೆ ಬರುತ್ತಿತ್ತು, ಯಾವ ಗ್ಯಾರೇಜಿನಲ್ಲೂ ರೋಗ ಸಿಕ್ಕಿರಲಿಲ್ಲ. ಫೆಬ್ರವರಿಯ ಒಂದು ಶನಿವಾರ ಕಲಿನಾದ ರಿಂಕಿನ ಹಿಂದಿನ ಬಾಗಿಲಲ್ಲಿ ಅಂಥ ನಾಲ್ಕು ಕಾರುಗಳು ಸಾಲಾಗಿ ನಿಂತಿದ್ದವು. ಆಗ್ನೆಸ್ ಟೀಚರ್ ಸಮಿತಿ ಕರೆದು, ಒಳಗೆ ವಾಹನ ತರಕೂಡದೆಂದು ತಮ್ಮ ದುಂಡು ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿಸಿದರು. ಅಲ್ಲಿಂದಾಚೆಗೆ ಕೆಲಸ ಹೊರಗಿನ ಗೋಡೆಯ ಮರೆಯಲ್ಲಿ ನಡೆಯಿತು. ಲೋರ್ನಾ ಈಗ ದಪ್ಪ ಕೋಟೊಂದನ್ನು ಕೊಂಡಿದ್ದಳು.

ಮೊದಲ ಮೂರು ಕಾರುಗಳಲ್ಲಿ ಐಸು ಸಿಕ್ಕಿತು. ಜೆನೋನ್ ಪ್ರತಿಯೊಂದನ್ನೂ ಸವರಿ, ಮೂಸಿ, ಇದು ಸೋಮವಾರದ್ದು, ಈ ಪದರ ನಿನ್ನೆಯದು ಎಂದು ವಿವರಿಸಿದ. ನಾಲ್ಕನೆಯದರ ಕೊಳವೆ ಕಳಚಿದಾಗ ಒಳಗೆ ಐಸು ಇರಲಿಲ್ಲ. ಹುಲ್ಲು, ಚಿಂದಿ ಬಟ್ಟೆ, ಗೋಧಿ ಹೊಟ್ಟು, ಅದರ ನಡುವೆ ಕಣ್ಣು ಮಿಟುಕಿಸುತ್ತಾ ಕೂತ ಒಂದು ಇಲಿ. ಕಾರಿನ ಒಡೆಯ ಆತಂಕದಿಂದ, ಇದಕ್ಕೇನು ಮಾಡುವುದು ಎಂದು ಕೇಳಿದ. ಜೆನೋನ್ ಇಲಿಯನ್ನು ನೋಡಿದ, ಹುಲ್ಲನ್ನು ನೋಡಿದ, ಅಷ್ಟರಲ್ಲೇ ಅವನ ಆಸಕ್ತಿ ಹೋಗಿಬಿಟ್ಟಿತ್ತು. ಅದು ಲೋರ್ನಾಳ ಕೆಲಸ ಎಂದು ಹೇಳಿ, ಕೈ ಒರೆಸಿಕೊಂಡು, ಬೂಟಿನ ಹಿಮ ಬಾಗಿಲಲ್ಲೇ ಕುಟ್ಟಿ ಉದುರಿಸಿ, ಮೂರನೆಯ ಪಟ್ಟಿಯನ್ನು ನೋಡಲು ಒಳಗೆ ಹೋದ.